ಆರೋಪಿ ಪರ ವಕೀಲರಿಗೆ ನನ್ನ ಮೊದಲ ವೋಟು

ಸರ್ಕಾರಿ ವಕೀಲರನ್ನು ಜನ ವೋಟು ಹಾಕಿ ಆರಿಸುತ್ತಾರೆ ಅಂತ ನನಗೆ ಗೊತ್ತಾಗಿದ್ದು ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು ಹತ್ತು ವರ್ಷ ಆದ ಮೇಲೆ. ನಾನು ಹಾಸನದ ಒಬ್ಬ ವಕೀಲರ ಮಗಳು, ಇದು ಇನ್ನೂ ನಾಚಿಕೆಯ ವಿಷಯ.

2018ರ ಕೊನೆಗೆ ಪಕ್ಕದ ಓಕ್ಲೆಂಡ್‌ನ ಪ್ಯಾರಾಮೌಂಟ್ ಥಿಯೇಟರಿನಲ್ಲಿ ನೂರಾರು ಜನರ ಜೊತೆ ಕೈ ಎತ್ತಿ ಪ್ರಮಾಣ ಮಾಡಿ ಇಲ್ಲಿನ ಪ್ರಜೆಯಾದೆ. ಅದಕ್ಕೆ ಮೊದಲು ಒಂದು ಪರೀಕ್ಷೆ ಇತ್ತು. ಆಗ ನೂರು ಪ್ರಶ್ನೆ ಓದಿಕೊಂಡು ಹೋಗಬೇಕಿತ್ತು, ಹತ್ತು ಕೇಳುತ್ತಿದ್ದರು, ಆರು ಸರಿಯಾದರೆ ಪಾಸು. ಸೆನೆಟರ್‌ಗಳೆಷ್ಟು, ಮಿಸ್ಸಿಸ್ಸಿಪ್ಪಿ ನದಿ, ಬಾವುಟದಲ್ಲಿ ಹದಿಮೂರು ಪಟ್ಟೆ ಯಾಕೆ, ಎಲ್ಲ ಬಾಯಿಪಾಠ. ಡಿಸ್ಟ್ರಿಕ್ಟ್ ಅಟಾರ್ನಿ ಅನ್ನೋ ಹುದ್ದೆಯ ಬಗ್ಗೆ ಆ ನೂರರಲ್ಲಿ ಒಂದೂ ಇರಲಿಲ್ಲ. ಆದರೆ ಬೀದಿಯಲ್ಲಿ ಯಾರ ಮೇಲೆ ಕೇಸು ಬೀಳುತ್ತದೆ, ಯಾರು ಜೈಲಿಗೆ ಹೋಗುತ್ತಾರೆ, ಯಾರು ಮನೆಗೆ ಹೋಗುತ್ತಾರೆ ಅಂತ ತೀರ್ಮಾನ ಮಾಡುವವರು ಅವರೇ. ಇಲ್ಲಿನವರ ಬಾಯಲ್ಲಿ ಡಿಎ.

2019ರ ಅಕ್ಟೋಬರಿನಲ್ಲಿ ಮತದಾರರ ಕೈಪಿಡಿ ಅಂಚೆಯಲ್ಲಿ ಬಂತು, ದಪ್ಪದ್ದು. ನವೆಂಬರ್ 5ಕ್ಕೆ ಚುನಾವಣೆ. ಮೇಯರ್ ಚುನಾವಣೆಯೂ ಇತ್ತು, ಆದರೆ ಅದರಲ್ಲಿ ಪೈಪೋಟಿಯೇ ಇರಲಿಲ್ಲ, ಬಿಡಿ. ಡಿಎ ಪುಟದಲ್ಲಿ ನಾಲ್ಕು ಹೆಸರು. ಮೂವರು ಯಾವುದೋ ಒಂದು ರೀತಿಯಲ್ಲಿ ಸರ್ಕಾರದ ಪರ ವಕೀಲಿ ಮಾಡಿದವರು. ನಾಲ್ಕನೆಯವರು ಚೇಸಾ ಬೂಡೀನ್. ಪಬ್ಲಿಕ್ ಡಿಫೆಂಡರ್ ಕಚೇರಿಯವರು, ಅಂದರೆ ದುಡ್ಡಿಲ್ಲದ ಆರೋಪಿಗಳ ಪರ ಸರ್ಕಾರದ ಸಂಬಳಕ್ಕೆ ವಾದ ಮಾಡುವವರು. ದಿನಾ ಡಿಎ ಕಚೇರಿಯವರ ಎದುರು ನಿಂತು ಜಗಳ ಆಡುವ ಮನುಷ್ಯ, ನನ್ನನ್ನು ಆ ಕಚೇರಿಯ ಯಜಮಾನನನ್ನಾಗಿ ಮಾಡಿ ಅಂತ ಕೇಳುತ್ತಿದ್ದರು.

ಅಪ್ಪನಿಗೆ ಫೋನ್ ಮಾಡಿದೆ. ಅವರು ನಲವತ್ತು ವರ್ಷ ಹಾಸನದ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸಿದವರು, ಬಹುಪಾಲು ಆರೋಪಿಗಳ ಪರ.

"ಅಪ್ಪ, ಇಲ್ಲಿ ಪಿಪಿ ಎಲೆಕ್ಷನ್‌ಗೆ ನಿಲ್ತಾರೆ."

"ಯಾವ ಪಿಪಿ?"

"ಪಬ್ಲಿಕ್ ಪ್ರಾಸಿಕ್ಯೂಟರ್ ಅಪ್ಪ. ಇಡೀ ಊರಿಗೆ ಒಬ್ಬರು, ಕೆಳಗೆ ನೂರಕ್ಕೂ ಜಾಸ್ತಿ ವಕೀಲರು."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕರು. "ಹಂಗಾದ್ರೆ ಪಾಂಪ್ಲೆಟ್ ಹಂಚ್ತಾರಾ? ಇಷ್ಟು ಜನಕ್ಕೆ ಶಿಕ್ಷೆ ಕೊಡಿಸಿದೀನಿ ಅಂತ?"

ಹೌದು, ಹೆಚ್ಚು ಕಡಿಮೆ ಹಾಗೇ.

ನಮ್ಮ ಕಡೆ ಹೇಗೆ ಅಂತ ಅಪ್ಪ ಹೇಳಿದರು. ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ 24ನೇ ಕಲಂ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟರು ಸೆಷನ್ಸ್ ನ್ಯಾಯಾಧೀಶರ ಜೊತೆ ಮಾತಾಡಿ ಹೆಸರುಗಳ ಪಟ್ಟಿ ಮಾಡುತ್ತಾರೆ, ಕನಿಷ್ಠ 7 ವರ್ಷ ವಕೀಲಿ ಮಾಡಿರಬೇಕು, ಆ ಪಟ್ಟಿಯಿಂದ ಸರ್ಕಾರ ನೇಮಿಸುತ್ತದೆ. ಸರ್ಕಾರಿ ವಕೀಲರ ಖಾಯಂ ಕೇಡರ್ ಇದ್ದರೆ ಅದರೊಳಗಿನವರನ್ನೇ ತೆಗೆದುಕೊಳ್ಳಬೇಕು. ಅದೇ ವ್ಯವಸ್ಥೆ ಈಗ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್‌ನ 18ನೇ ಕಲಂನಲ್ಲಿದೆ. ಜನರಿಗೆ ಅದರಲ್ಲಿ ಏನೂ ಕೆಲಸವಿಲ್ಲ. ಹಾಗಂತ ಪಿಪಿ ಯಾರು ಅನ್ನೋದು ಸಣ್ಣ ವಿಷಯ ಅಲ್ಲ. ಜಯಲಲಿತಾ ಕೇಸು ಬೆಂಗಳೂರಿಗೆ ಬಂದಾಗ ಪಿಪಿಯಾಗಿದ್ದ ಬಿ.ವಿ. ಆಚಾರ್ಯರ ಹೆಸರು ಪೇಪರಿನಲ್ಲಿ ದಿನಾ ಬರುತ್ತಿತ್ತು, ನೆನಪಿದೆಯಲ್ವಾ? ಆಮೇಲೆ ಮೇಲ್ಮನವಿಯಲ್ಲಿ ಬೇರೆಯವರನ್ನು ನೇಮಿಸಿದ್ದು ತಮಿಳುನಾಡು ಸರ್ಕಾರ, ಅದಕ್ಕೆ ಆ ಅಧಿಕಾರವೇ ಇಲ್ಲ ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಯಾರ ಕಡೆಯವರು ಪಿಪಿ ಕುರ್ಚಿಯಲ್ಲಿ ಕೂರುತ್ತಾರೆ ಅನ್ನೋದು ಎಷ್ಟು ದೊಡ್ಡದು ಅಂತ ತಿಳಿಯೋಕೆ ಅದೊಂದು ಕೇಸು ಸಾಕು.

ನನ್ನ ಸಮಸ್ಯೆ ಬೇರೆ ಇತ್ತು. ಆ ವರ್ಷದ ಬೇಸಿಗೆಯಲ್ಲಿ ನಮ್ಮ ಕಾರಿನ ಗಾಜು ಒಡೆದಿದ್ದರು. ಹಿಂದಿನ ಸೀಟಿನಲ್ಲಿ ಮಗಳ ಸ್ಕೂಲ್ ಬ್ಯಾಗು, ಅದರಲ್ಲಿ ಬಣ್ಣದ ಪೆನ್ಸಿಲ್ಲು, ಅರ್ಧ ತಿಂದ ಚಪಾತಿ ರೋಲು. ಅಷ್ಟಕ್ಕೆ! ದೂರು ಕೊಡಲು ಹೋದರೆ ಆನ್‌ಲೈನಿನಲ್ಲಿ ಫಾರಂ ತುಂಬಿ ಅಂದರು. ತುಂಬಿದೆ. ಒಂದು ನಂಬರ್ ಬಂತು. ಕಥೆ ಮುಗಿಯಿತು. ನನ್ನ ಗಂಡ ಶಿವಮೊಗ್ಗದವರು, ಸಾಮಾನ್ಯವಾಗಿ ತಣ್ಣಗಿನ ಮನುಷ್ಯ, ಅವತ್ತು ಮಾತ್ರ ರಸ್ತೆಯಲ್ಲಿ ಗಾಜು ಗುಡಿಸುತ್ತಾ ಕನ್ನಡದಲ್ಲಿ ಏನೇನೋ ಬೈದರು. "ಇವರನ್ನೆಲ್ಲ ಒಳಗೆ ಹಾಕೋನಿಗೇ ನನ್ನ ವೋಟು" ಅಂದರು.

ಆಮೇಲೆ ನಾನು ಓದೋಕೆ ಶುರು ಮಾಡಿದೆ. 2017ರಲ್ಲಿ ಈ ಊರಿನಲ್ಲಿ ಹೀಗೆ ಕಾರು ಒಡೆದ ದೂರುಗಳು 31 ಸಾವಿರಕ್ಕೂ ಜಾಸ್ತಿ. ನೂರರಲ್ಲಿ ಎರಡಕ್ಕೂ ಅರೆಸ್ಟ್ ಆಗುತ್ತಿರಲಿಲ್ಲ. ಅರೆಸ್ಟ್ ಆಗದಿದ್ದರೆ ಡಿಎ ಮೇಜಿಗೆ ಫೈಲೇ ಬರುವುದಿಲ್ಲ. ಇನ್ನೊಂದು ತಮಾಷೆ ಕೇಳಿ. ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಗಾಜು ಒಡೆದು ಕದ್ದರೆ ಸಾಲದು, ಬಾಗಿಲು ಲಾಕ್ ಆಗಿತ್ತು ಅಂತ ಸಾಬೀತು ಮಾಡಬೇಕಿತ್ತು. ಅದಕ್ಕೆ ಕಾರಿನವರು ಬಂದು ಸಾಕ್ಷಿ ಹೇಳಬೇಕು. ಒಡೆಯುತ್ತಿದ್ದುದು ಹೆಚ್ಚಾಗಿ ಪ್ರವಾಸಿಗಳ ಕಾರು, ಅವರು ವಾಪಸ್ ಊರಿಗೆ ಹೋಗಿ ಆರು ತಿಂಗಳಾದ ಮೇಲೆ ಲಾಕ್ ಮಾಡಿದ್ದೆ ಅಂತ ಹೇಳೋಕೆ ಯಾರು ವಿಮಾನ ಹತ್ತಿ ಬರುತ್ತಾರೆ? ಆ ತೊಡಕನ್ನು ತೆಗೆದಿದ್ದು 2024ರಲ್ಲಿ. ಇದನ್ನು ಅಪ್ಪನಿಗೆ ಹೇಳಿದಾಗ ಅವರಿಗೆ ಬಹಳ ಖುಷಿಯಾಯಿತು. ಡಿಫೆನ್ಸ್‌ನವರ ಖುಷಿ ಅದು, ನಿಮಗೆ ಅರ್ಥ ಆಗಲ್ಲ.

ಬೂಡೀನ್ ಅವರ ಆದ್ಯತೆಗಳನ್ನು ಕೈಪಿಡಿಯಲ್ಲಿ, ವೆಬ್‌ಸೈಟಿನಲ್ಲಿ ಓದಿದೆ. ಮೊದಲನೆಯದು, ದುಡ್ಡು ಕಟ್ಟಿ ಪಡೆಯುವ ಜಾಮೀನು ಬೇಡ ಅನ್ನೋದು. ಇದನ್ನು ಮಾತ್ರ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಊರಿನ ಶ್ಯೂರಿಟಿಗೂ ಇದಕ್ಕೂ ವ್ಯತ್ಯಾಸ ಇದೆ. ಹಾಸನದ ಕೋರ್ಟಿನ ಹತ್ತಿರ ಪಹಣಿ ಹಿಡಿದುಕೊಂಡು ನಿಂತವರು ಇರುತ್ತಿದ್ದರು, ಜಮೀನು ತೋರಿಸಿ ಶ್ಯೂರಿಟಿ ನಿಲ್ಲುವವರು. ಕೆಲವರಿಗೆ ಅದೇ ಕಸುಬು ಅಂತ ಅಪ್ಪ ಹೇಳುತ್ತಿದ್ದರು. ಇಲ್ಲಿ ನ್ಯಾಯಾಧೀಶರು ಒಂದು ಮೊತ್ತ ಹೇಳುತ್ತಾರೆ. ಅಷ್ಟು ದುಡ್ಡು ಯಾರ ಹತ್ತಿರ ಇರುತ್ತೆ? ಬಾಂಡ್ ಏಜೆಂಟ್ ಹತ್ತಿರ ಹೋಗಬೇಕು, ಅವನು ಸಾಮಾನ್ಯವಾಗಿ ಶೇಕಡಾ 10 ತೆಗೆದುಕೊಳ್ಳುತ್ತಾನೆ, ಆ ದುಡ್ಡು ವಾಪಸ್ ಬರಲ್ಲ, ನೀವು ನಿರಪರಾಧಿ ಅಂತಾದರೂ ಬರಲ್ಲ. ಆ ಹತ್ತು ಕೂಡ ಇಲ್ಲದವನು ಜೈಲಲ್ಲೇ ಕೂರಬೇಕು.

ಕೆನೆತ್ ಹಂಫ್ರಿ ಅಂತ ಒಬ್ಬರ ಕೇಸಿದೆ. ಅರವತ್ತು ದಾಟಿದ ಮನುಷ್ಯ. 2017ರಲ್ಲಿ ಅದೇ ಕಟ್ಟಡದಲ್ಲಿದ್ದ ಒಬ್ಬರನ್ನು ಹೆದರಿಸಿ 5 ಡಾಲರ್ ಮತ್ತು ಒಂದು ಬಾಟಲಿ ಸೆಂಟು ತೆಗೆದುಕೊಂಡರು ಅಂತ ಆರೋಪ. ಜಾಮೀನಿನ ಮೊತ್ತ 6 ಲಕ್ಷ ಡಾಲರ್. ಆಮೇಲೆ ದೊಡ್ಡ ಮನಸ್ಸು ಮಾಡಿ 3.5 ಲಕ್ಷಕ್ಕೆ ಇಳಿಸಿದರು! ಅವರ ಪರ ಹೋರಾಡಿದ್ದು ಇದೇ ಪಬ್ಲಿಕ್ ಡಿಫೆಂಡರ್ ಕಚೇರಿ, ಬೂಡೀನ್ ಅವರೂ ಅದರಲ್ಲಿ ಕೆಲಸ ಮಾಡಿದ್ದರು. ಕೊಡಲು ಆಗುತ್ತದೆಯೋ ಇಲ್ಲವೋ ಅಂತ ನೋಡದೆ ಮೊತ್ತ ಹಾಕಬಾರದು ಅಂತ 2018ರಲ್ಲಿ ಮೇಲಿನ ಕೋರ್ಟು, 2021ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಹೇಳಿದವು.

ಉಳಿದ ಆದ್ಯತೆಗಳು ಬೇಗ ಹೇಳುತ್ತೇನೆ. ರಸ್ತೆಯಲ್ಲಿ ಮಲಗಿದ್ದಕ್ಕೆ, ಅಂಥ ಸಣ್ಣ ಪುಟ್ಟದ್ದಕ್ಕೆ ಕೇಸು ಹಾಕಲ್ಲ. ತಪ್ಪಾಗಿ ಶಿಕ್ಷೆಯಾದವರ ಕೇಸು ಮತ್ತೆ ನೋಡಲು ಒಂದು ಘಟಕ. ಬೇರೆ ದೇಶದಿಂದ ಬಂದವರಿಗೆ ಸಣ್ಣ ಕೇಸಿನಿಂದ ಗಡೀಪಾರು ಆಗದ ಹಾಗೆ ನೋಡಿಕೊಳ್ಳುವುದು. ಪೊಲೀಸರು ತಪ್ಪು ಮಾಡಿದರೆ ಅವರ ಮೇಲೂ ಕೇಸು. ನೊಂದವರು ಬಯಸಿದರೆ ತಪ್ಪು ಮಾಡಿದವನ ಎದುರು ಕೂತು ಮಾತಾಡಿ ನಷ್ಟ ತುಂಬಿಸಿಕೊಳ್ಳುವ ದಾರಿ. ಈ ಕೊನೆಯದನ್ನು ಓದಿ ನನ್ನ ಗಂಡ, "ನಮ್ಮ ಕಾರು ಒಡೆದೋನನ್ನ ಕರ್ಕೊಂಡ್ ಬರ್ಲಿ, ಕಾಫಿ ಕೊಟ್ಟು ಮಾತಾಡ್ತೀನಿ" ಅಂದರು.

ಬೂಡೀನ್ ಅವರ ಬದುಕಿನ ಕಥೆಯೂ ಎಲ್ಲ ಕಡೆ ಓಡಾಡುತ್ತಿತ್ತು. 1981ರಲ್ಲಿ ನ್ಯೂಯಾರ್ಕ್ ಹತ್ತಿರ ಬ್ರಿಂಕ್ಸ್ ಕಂಪನಿಯ ಹಣದ ಗಾಡಿ ದರೋಡೆ, ಇಬ್ಬರು ಪೊಲೀಸರು ಮತ್ತು ಒಬ್ಬ ಕಾವಲುಗಾರ ಸತ್ತರು. ಬೂಡೀನ್ ಅವರ ಅಪ್ಪ ಅಮ್ಮ ಇಬ್ಬರೂ ಆ ಕೇಸಿನಲ್ಲಿ ಜೈಲಿಗೆ. ಮಗುವಿಗೆ ಆಗ 14 ತಿಂಗಳು. ತಾಯಿ 2003ರಲ್ಲಿ ಹೊರಗೆ ಬಂದರು, ತಂದೆ 2019ರಲ್ಲೂ ಒಳಗೇ ಇದ್ದರು. ಜೈಲಿನ ಮುಲಾಕಾತಿಯ ಸಾಲಿನಲ್ಲಿ ಬೆಳೆದ ಹುಡುಗ ಡಿಎ ಆಗಲು ಬಂದಿದ್ದಾನೆ ಅಂತ ಒಬ್ಬರು ಮೆಚ್ಚಿಕೊಂಡರೆ, ಅದೇ ಕಾರಣಕ್ಕೆ ಬೇಡ ಅಂತ ಇನ್ನೊಬ್ಬರು. ಪೊಲೀಸ್ ಅಧಿಕಾರಿಗಳ ಸಂಘ ಇವರ ವಿರುದ್ಧ 6 ಲಕ್ಷ ಡಾಲರಿಗೂ ಜಾಸ್ತಿ ಖರ್ಚು ಮಾಡಿತು. ನಮ್ಮ ಅಂಚೆ ಡಬ್ಬಿಯಲ್ಲೂ ಆ ಹೊಳಪಿನ ಕಾಗದ ಬಂದು ಬೀಳುತ್ತಿತ್ತು.

ಅಂದ ಹಾಗೆ, ಆರೋಪಿ ಪರ ವಕೀಲರು ಈ ಊರಿನ ಡಿಎ ಆಗಿದ್ದು ಇದೇ ಮೊದಲಲ್ಲ. 1995ರಲ್ಲಿ ಗೆದ್ದ ಟೆರೆನ್ಸ್ ಹ್ಯಾಲಿನನ್ ಹಾಗೇ ಬಂದವರು. 2003ರಲ್ಲಿ ಅವರನ್ನು ಸೋಲಿಸಿದ್ದು ಕಮಲಾ ಹ್ಯಾರಿಸ್. ಜನ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ವಾಲುತ್ತಾರೆ.

ನಮ್ಮ ಏರಿಯಾದ ಒಂದು ಸಭೆಗೂ ಹೋದೆ. ಹಿಂದೆ ಗೋಡೆಗೆ ಒರಗಿ ನಿಲ್ಲುವಷ್ಟು ಜನ. ಒಬ್ಬ ಅಜ್ಜಿ ಎದ್ದು ನಿಂತು ತಮ್ಮ ಮನೆ ಬಾಗಿಲಲ್ಲಿ ದಿನಾ ಸಿಗುವ ಸೂಜಿಗಳ ಬಗ್ಗೆ ಕೇಳಿದರು. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಬಹುದು ಅಂದರು. ನಾನೂ ಕೊಟ್ಟೆ, ಜೀವನದಲ್ಲಿ ಮೊದಲ ಸಲ. ನನ್ನದಲ್ಲ ಆ ಪ್ರಶ್ನೆ, ಅಪ್ಪನದು.

ಅದನ್ನು ಹೇಳಿಬಿಡುತ್ತೇನೆ. ಎರಡನೇ ಸಲ ಫೋನ್ ಮಾಡಿದಾಗ ಅಪ್ಪ ನನಗೆ ಗೊತ್ತೇ ಇಲ್ಲದ ಒಂದು ವಿಷಯ ಹೇಳಿದರು. ತೊಂಬತ್ತರ ದಶಕದಲ್ಲಿ ಅವರ ಹೆಸರನ್ನೂ ಪಿಪಿ ಪಟ್ಟಿಗೆ ಕಳಿಸೋಣ ಅಂತ ಯಾರೋ ಹಿರಿಯರು ಹೇಳಿದ್ದರಂತೆ. ಅಪ್ಪನಿಗೂ ಆಸೆ ಇತ್ತಂತೆ. ಚಾರ್ಜ್‌ಶೀಟು ನೋಡಿದ ತಕ್ಷಣ ಎಲ್ಲಿ ತೂತಿದೆ ಅಂತ ಗೊತ್ತಾಗುತ್ತಿತ್ತು, ಆ ತೂತು ಮುಚ್ಚಿಸಿ ಕೋರ್ಟಿಗೆ ತರಬಹುದು, ನಿಲ್ಲದ ಕೇಸನ್ನು ಮೊದಲೇ ನಿಲ್ಲಲ್ಲ ಅಂತ ಹೇಳಬಹುದು, ಹತ್ತು ವರ್ಷ ಸುಮ್ನೆ ವಾಯಿದೆ ಹಾಕಿಸಿಕೊಂಡು ಓಡಾಡುವವರು ಎಷ್ಟು ಜನ ತಪ್ಪುತ್ತಾರೆ ಅಂತ ಲೆಕ್ಕ ಹಾಕಿದ್ದರಂತೆ. ಅಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತು. ಒಂದು ಸಂಜೆ ಒಬ್ಬ ಹೆಂಗಸು ಮನೆ ಜಗುಲಿ ಹತ್ತಿರ ಬಂದು ನಿಂತರು. ಮಗನ ಕೊಲೆಯಾಗಿತ್ತು. "ಸ್ವಾಮಿ, ನೀವು ಸರ್ಕಾರಿ ವಕೀಲ್ರಾಗ್ತೀರಂತೆ. ನನ್ ಮಗನ್ ಕೇಸು ನೀವೇ ನಡೆಸ್ತೀರಾ?" ಅಂತ ಕೇಳಿದರಂತೆ. ಆ ಕೇಸಿನಲ್ಲಿ ಆರೋಪಿಗಳ ವಕಾಲತ್ತು ಅಪ್ಪನದು. ಪಾಪ, ಆಕೆಗೆ ಅದು ಗೊತ್ತಿರಲಿಲ್ಲ.

"ಏನಂದ್ರಿ ಅಪ್ಪ?"

"ಏನನ್ನೋದು. ನೀರು ಕೊಟ್ಟೆ, ಕುಡಿದು ಹೋದ್ರು."

ಮಾರನೇ ದಿನ ಹೋಗಿ ನನ್ನ ಹೆಸರು ಬೇಡ ಅಂತ ಹೇಳಿ ಬಂದರಂತೆ. ಕಾನೂನಿನಲ್ಲಿ ಇದಕ್ಕೆ ದಾರಿ ಇದೆ, ತಾನು ನಡೆಸಿದ ಕೇಸಿನಿಂದ ದೂರ ಇದ್ದರಾಯಿತು, ಅದು ದೊಡ್ಡದಲ್ಲ ಅಂತ ಅಪ್ಪನೇ ಅಂದರು. "ಆದ್ರೆ ಪುಟ್ಟಿ, ನಲವತ್ತು ವರ್ಷ ನಾನು ಒಂದೇ ಕಡೆಯವರ ಮನೆ ಕಥೆ ಕೇಳಿದೀನಿ. ಇನ್ನೊಂದು ಕಡೆಯವರನ್ನ ಪಾಟೀಸವಾಲು ಮಾಡೋವಾಗ ಮಾತ್ರ ನೋಡಿದೀನಿ. ನಿಮ್ಮ ಕ್ಯಾಂಡಿಡೇಟ್‌ನ ಅದನ್ನ ಕೇಳು. ಸತ್ತೋನ ತಾಯಿ ಬಂದ್ರೆ ಏನ್ ಹೇಳ್ತಾನೆ ಅಂತ ಕೇಳು."

ಅದನ್ನೇ ಇಂಗ್ಲಿಷಿನಲ್ಲಿ ಮೂರು ಸಾಲು ಮಾಡಿ ಚೀಟಿಯಲ್ಲಿ ಬರೆದು ಕೊಟ್ಟೆ. ಸಮಯ ಆಯಿತು ಅಂತ ಸಭೆ ಮುಗಿಸಿದರು. ನನ್ನ ಚೀಟಿ ಓದಲೇ ಇಲ್ಲ.

ಇಷ್ಟರ ನಡುವೆ ಇನ್ನೊಂದು ನಡೆಯಿತು. ಇದ್ದ ಡಿಎ ಜಾರ್ಜ್ ಗ್ಯಾಸ್ಕೋನ್ ಅಕ್ಟೋಬರಿನಲ್ಲೇ ರಾಜೀನಾಮೆ ಕೊಟ್ಟು ಹೋದರು. ಮೇಯರ್ ಲಂಡನ್ ಬ್ರೀಡ್ ಅವರು ಅಭ್ಯರ್ಥಿಗಳಲ್ಲಿ ಒಬ್ಬರಾದ ಸೂಝಿ ಲಾಫ್ಟಸ್ ಅವರನ್ನೇ ತಾತ್ಕಾಲಿಕವಾಗಿ ಆ ಕುರ್ಚಿಯಲ್ಲಿ ಕೂರಿಸಿದರು, ಚುನಾವಣೆಗೆ ಮೂರು ವಾರವೂ ಇಲ್ಲ ಅನ್ನುವಾಗ. ಲಾಫ್ಟಸ್ ಅವರ ಬಗ್ಗೆ ನನಗೆ ಕೆಟ್ಟ ಅಭಿಪ್ರಾಯ ಇರಲಿಲ್ಲ, ನಿಜ ಹೇಳಬೇಕೆಂದರೆ ಅವರೇ ಸರಿ ಅನ್ನೋ ಕಡೆ ವಾಲಿದ್ದೆ. ಇದು ಮಾತ್ರ ಹಿಡಿಸಲಿಲ್ಲ. ಆಟ ನಡೆಯುವಾಗ ಅಂಪೈರು ಒಂದು ಟೀಮಿನ ಜರ್ಸಿ ಹಾಕಿಕೊಂಡ ಹಾಗೆ ಅನ್ನಿಸಿತು.

ನವೆಂಬರ್ 5. ಮತಗಟ್ಟೆ ಅಂದರೆ ಸರ್ಕಾರಿ ಶಾಲೆ, ಬೆಂಚು, ಬೆರಳಿಗೆ ಶಾಯಿ ಅಂತ ನನ್ನ ತಲೆಯಲ್ಲಿ. ಇಲ್ಲಿ ಅದು ಯಾರದೋ ಮನೆಯ ಕಾರು ನಿಲ್ಲಿಸುವ ಗ್ಯಾರೇಜು! ಈ ಊರಿನಲ್ಲಿ ಅದು ಮಾಮೂಲಿ. ಒಂದು ಮೂಲೆಯಲ್ಲಿ ವಾಷಿಂಗ್ ಮಷಿನ್ನು, ಗೋಡೆಗೆ ನೇತು ಹಾಕಿದ ಸೈಕಲ್ಲು, ಮಧ್ಯದಲ್ಲಿ ವೋಟು ಹಾಕುವ ಮೇಜು. ಗುರುತಿನ ಚೀಟಿ ಕೇಳಲಿಲ್ಲ, ಹೆಸರು ವಿಳಾಸ ಹೇಳಿ ಸಹಿ ಹಾಕಿದೆ. ನನಗೇ ಗಾಬರಿ, ಕೈಯಲ್ಲಿ ಪಾಸ್‌ಪೋರ್ಟು ಹಿಡಿದುಕೊಂಡು ಹೋಗಿದ್ದೆ.

ಇಲ್ಲಿ ಒಬ್ಬರಿಗೆ ವೋಟು ಹಾಕಿ ಬರುವುದಿಲ್ಲ, ಮೊದಲ ಆಯ್ಕೆ, ಎರಡನೇ ಆಯ್ಕೆ ಅಂತ ಸಾಲಾಗಿ ಗುರುತು ಮಾಡಬಹುದು. ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ ಕೊನೆಯವರನ್ನು ತೆಗೆದು, ಅವರಿಗೆ ಬಿದ್ದ ವೋಟುಗಳ ಎರಡನೇ ಆಯ್ಕೆಯನ್ನು ಎಣಿಸುತ್ತಾರೆ. ಪೆನ್ನು ಹಿಡಿದು ಬಹಳ ಹೊತ್ತು ನಿಂತೆ. ಸ್ಕೂಲ್ ಬ್ಯಾಗು ನೆನಪಾಯಿತು. 5 ಡಾಲರ್ ಮತ್ತು 6 ಲಕ್ಷ ಡಾಲರ್ ನೆನಪಾಯಿತು. ಅಪ್ಪನಿಗೆ ಧೈರ್ಯ ಸಾಲದೆ ಬಿಟ್ಟದ್ದನ್ನು ಇವರು ಮಾಡಲು ಹೊರಟಿದ್ದಾರೆ ಅನ್ನಿಸಿತು, ಅದು ಒಳ್ಳೆಯ ಕಾರಣವೇ ಅಂತ ಕೇಳಿದರೆ ಗೊತ್ತಿಲ್ಲ. ಮೊದಲ ಆಯ್ಕೆ ಬೂಡೀನ್. ಎರಡನೆಯದು ಲಾಫ್ಟಸ್. ಮೂರು ನಾಲ್ಕು ಖಾಲಿ ಬಿಟ್ಟೆ. ಹೊರಗೆ ಬರುವಾಗ ಒಂದು ಸ್ಟಿಕ್ಕರ್ ಕೊಟ್ಟರು, ವೋಟು ಹಾಕಿದೆ ಅಂತ ನಾಲ್ಕು ಭಾಷೆಯಲ್ಲಿ. ಕನ್ನಡ ಇರಲಿಲ್ಲ, ಇರುತ್ತೆ ಅಂತ ಅಂದುಕೊಂಡೂ ಇರಲಿಲ್ಲ, ಆದರೂ ಒಂದು ಸಲ ಹುಡುಕಿದೆ.

ಅವತ್ತು ರಾತ್ರಿ ಫಲಿತಾಂಶ ಬರಲಿಲ್ಲ. ಅಂಚೆಯಲ್ಲಿ ಬರುವ ವೋಟುಗಳನ್ನು ದಿನಗಟ್ಟಲೆ ಎಣಿಸುತ್ತಾರೆ. ಒಮ್ಮೆ ಇವರು ಮುಂದೆ, ಒಮ್ಮೆ ಅವರು ಮುಂದೆ. ಶನಿವಾರ, 9ನೇ ತಾರೀಖು, ಲಾಫ್ಟಸ್ ಸೋಲು ಒಪ್ಪಿಕೊಂಡರು. ಅಂತರ ಮೂರು ಸಾವಿರ ವೋಟೂ ಇಲ್ಲ. ಆ ಹೊತ್ತಿಗೆ ಬೂಡೀನ್ ನ್ಯೂಯಾರ್ಕಿನ ಜೈಲಿನಲ್ಲಿದ್ದ ತಂದೆಯನ್ನು ನೋಡಿಕೊಂಡು ವಿಮಾನದಲ್ಲಿ ವಾಪಸ್ ಬರುತ್ತಿದ್ದರು.

2020ರ ಜನವರಿಯಲ್ಲಿ ಅಧಿಕಾರ ವಹಿಸಿದರು. ಎರಡೇ ದಿನದಲ್ಲಿ ಏಳು ಜನ ವಕೀಲರನ್ನು ಕೆಲಸದಿಂದ ತೆಗೆದರು. ಅದೇ ತಿಂಗಳು ದುಡ್ಡಿನ ಜಾಮೀನು ಕೇಳುವುದನ್ನು ಡಿಎ ಕಚೇರಿ ನಿಲ್ಲಿಸಿತು. ಹೇಳಿದ್ದನ್ನು ಮಾಡಿದರು, ಅದರಲ್ಲಿ ಎರಡು ಮಾತಿಲ್ಲ. ಮಾರ್ಚಿಗೆ ಕೊರೋನಾ ಬಂತು. ಆಮೇಲೆ ಆ ವರ್ಷದ ಕೊನೆಯ ದಿನ, ಪೆರೋಲ್ ಮೇಲಿದ್ದ ಒಬ್ಬ ಕದ್ದ ಕಾರಿನಲ್ಲಿ ಇಬ್ಬರು ಹೆಂಗಸರಿಗೆ ಗುದ್ದಿದ ಅಂತ ಕೇಸು. ಇಬ್ಬರೂ ಸತ್ತರು. ಅವನನ್ನು ಅದಕ್ಕೆ ಮೊದಲು ಕೆಲವು ಸಲ ಹಿಡಿದಿದ್ದರು, ಡಿಎ ಕಚೇರಿಯವರು ಹೊಸ ಕೇಸು ಹಾಕದೆ ಪೆರೋಲ್ ಇಲಾಖೆಗೆ ಬಿಟ್ಟಿದ್ದರು ಅಂತ ಹೊರಬಂತು. ಅಲ್ಲಿಂದ ಊರಿನ ಮಾತು ಬದಲಾಯಿತು. ಏಷ್ಯಾದ ವಯಸ್ಸಾದವರ ಮೇಲೆ ರಸ್ತೆಯಲ್ಲಿ ಹಲ್ಲೆಗಳಾದವು, ಅಂಗಡಿಗಳಲ್ಲಿ ಕಳ್ಳತನದ ವಿಡಿಯೋಗಳು ಹರಿದಾಡಿದವು. ಎಲ್ಲಕ್ಕೂ ಡಿಎ ಕಾರಣ ಅನ್ನೋದು ಸುಳ್ಳು. ಯಾವುದಕ್ಕೂ ಅಲ್ಲ ಅಂತ ಹೇಳೋಕೂ ನನಗೆ ಬಾಯಿ ಬರುತ್ತಿರಲಿಲ್ಲ. ಸತ್ತವರ ಮನೆಯವರು ಟಿವಿಯಲ್ಲಿ ಮಾತಾಡುವಾಗಲೆಲ್ಲ ನನಗೆ ಆ ಓದದ ಚೀಟಿ ನೆನಪಾಗುತ್ತಿತ್ತು.

ಅವಧಿ ಮುಗಿಯುವ ಮೊದಲೇ ಕೆಳಗಿಳಿಸಲು ಇಲ್ಲಿ ಅವಕಾಶ ಇದೆ. ಸುಮಾರು 51 ಸಾವಿರ ಸಹಿ ಬೇಕಿತ್ತು, 83 ಸಾವಿರ ತಂದು ಕೊಟ್ಟರು. 2022ರ ಜೂನ್ 7ಕ್ಕೆ ವೋಟು. ಈ ಸಲ ಗ್ಯಾರೇಜಿಗೆ ಹೋಗಬೇಕಾಗಿರಲಿಲ್ಲ, ಎಲ್ಲರಿಗೂ ಮತಪತ್ರ ಮನೆಗೇ ಬಂತು. ಊಟದ ಮೇಜಿನ ಮೇಲೆ ಎದುರು ಬದುರು ಕೂತು ನಾನೂ ಗಂಡನೂ ತುಂಬಿದೆವು. ಅವರು ಇಳಿಸಿ ಅಂತ ಗುರುತು ಮಾಡಿದರು, ನಾನು ಬೇಡ ಅಂತ. ವಾದ ಮಾಡಿ ಮಾಡಿ ಸಾಕಾಗಿತ್ತು, ಅವತ್ತು ಇಬ್ಬರೂ ಏನೂ ಮಾತಾಡಲಿಲ್ಲ. ಎರಡೂ ಕವರನ್ನು ನಾನೇ ತೆಗೆದುಕೊಂಡು ಹೋಗಿ ಡಬ್ಬಿಗೆ ಹಾಕಿ ಬಂದೆ.

ಶೇಕಡಾ 55ರಷ್ಟು ಜನ ಇಳಿಸಿ ಅಂದರು. ಜುಲೈನಲ್ಲಿ ಬ್ರೂಕ್ ಜೆಂಕಿನ್ಸ್ ಬಂದರು. ಅವರು ಅದೇ ಕಚೇರಿಯಲ್ಲಿ ಇದ್ದು, ಬಿಟ್ಟು ಬಂದು, ಬೂಡೀನ್ ಅವರನ್ನು ಇಳಿಸುವ ಪ್ರಚಾರದಲ್ಲಿ ದುಡಿದವರು.

ಅಪ್ಪನಿಗೆ ಹೇಳಿದೆ. "ನಿನ್ನ ಪಿಪಿ ಹೋದ್ನಾ" ಅಂದರು. ಬೇಜಾರೂ ಇರಲಿಲ್ಲ, ಖುಷಿಯೂ ಇರಲಿಲ್ಲ. ಮೂರು ವರ್ಷದಿಂದ ಕೇಳಬೇಕು ಅಂತಿದ್ದ ಒಂದನ್ನು ಆಗ ಕೇಳಿದೆ.

"ಅಪ್ಪ, ಆ ಹೆಂಗಸಿನ ಮಗನ ಕೇಸು ಏನಾಯ್ತು ಕೊನೆಗೆ?"

"ಸಾಕ್ಷಿಗಳೆಲ್ಲ ತಿರುಗಿಬಿದ್ರು. ನಾನೇ ಗೆದ್ದೆ" ಅಂದರು. ಆಮೇಲೆ, ಊಟ ಆಯ್ತಾ, ಅಲ್ಲಿ ಈಗ ಎಷ್ಟು ಗಂಟೆ ಅಂತ ಕೇಳಿದರು.